ಮನೆಯಲ್ಲಿ ಯಾರ್ಯಾರಿದ್ದೀರಿ

ಹೊನವಾಡದ ಭಾವನ ತೋಟದಲ್ಲಿ ಟ್ರ್ಯಾಕ್ಟರಿನ ಟ್ರೇಲರಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ನನ್ನ ಮಗ ಇನ್ನೂ ಒಂದನೆಯ ಇಯತ್ತೆಯಲ್ಲಿ ಓದುತ್ತಿದ್ದ. ಜೀವ ಉಳಿಯಿತು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದವನು ಬೇರೆಯೇ ಹುಡುಗನಾಗಿದ್ದ. ಸಣ್ಣದಕ್ಕೂ ಸಿಟ್ಟು, ಕೈಗೆ ಸಿಕ್ಕಿದ್ದನ್ನು ಎಸೆಯುವುದು, ಈಗ ಹೇಳಿದ್ದನ್ನು ಈಗಲೇ ಮರೆಯುವುದು. ಇಂಥ ಮಕ್ಕಳ ತಂದೆತಾಯಿಗಳಿಗೆಂದು ಮೊಬೈಲಿನಲ್ಲೇ ನಡೆಯುವ ಒಂದು ತರಗತಿಗೆ ನರ್ಸ್ ಒಬ್ಬರು ನನ್ನನ್ನು ಸೇರಿಸಿದರು.

ಭಾನುವಾರ ಬಂತೆಂದರೆ ಇಬ್ರಾಹಿಂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದೆ. ಮನೆಯ ಹತ್ತಿರವೇ ರೈಲು ಹೋಗುವಾಗ ಮೈಕ್ ಬಂದ್ ಮಾಡಬೇಕು. ಮಗನನ್ನು ಹಿಡಿದುಕೊಳ್ಳಲು ನನ್ನ ಎರಡೂ ಕೈ ಬೇಕು. ಹೀಗಾಗಿ ಮೊಬೈಲ್ ಹಿಡಿಯುವುದು ಏಳನೆಯ ಇಯತ್ತೆಯ ಮಗಳ ಕೆಲಸವಾಗಿತ್ತು.

ಒಂದು ಭಾನುವಾರ ತರಗತಿ ನಡೆಸುವ ಮೇಡಂ ನನ್ನನ್ನು ಕೇಳಿದರು: “ಮನ್ಯಾಗ ಯಾರ್ಯಾರ ಇರ್ತೀರಿ?”

“ನಾನು, ನಮ್ಮ ಮನಿಯವರು, ಇಂವ. ಮೂರ ಮಂದಿ ನೋಡ್ರಿ.”

“ಮತ್ತ ಮೊಬೈಲ್ ಯಾರ ಹಿಡದಾರ?”

ಪರದೆ ಅಲುಗಾಡಿತು. “ಮಗಳ್ರೀ,” ಎಂದೆ. ಮೇಡಂ ಬೈಯಲಿಲ್ಲ. ಮುಂದಿನ ವಾರ ಮೊಬೈಲನ್ನು ಎಲ್ಲಾದರೂ ಆನಿಸಿಟ್ಟು ಆಕೆಯನ್ನೂ ಕೂಡಿಸಿಕೊಳ್ಳಿ ಎಂದರು. ಬಬಲೇಶ್ವರದ ತಾಯಿಯೊಬ್ಬರು, “ನಮ್ಮ ಮನ್ಯಾಗೂ ಹಿಂಗ ಒಬ್ಬಾಕಿ ಅದಾಳ್ರಿ,” ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ತರಗತಿ ಮುಗಿಯುವವರೆಗೂ ಮಗಳು ಮೊಬೈಲ್ ಕೆಳಗಿಳಿಸಲಿಲ್ಲ.

ಸಂಜೆ ಆಕೆಯ ಹತ್ತಿರ ಹೋಗಿ, “ಪರೀಕ್ಷಾ ಯಾವಾಗ?” ಎಂದೆ.

“ಮುಗದು ಹೋದ್ವು,” ಎಂದಳು, ಪುಸ್ತಕದಿಂದ ತಲೆಯೆತ್ತದೆ.

ನನ್ನ ಗಂಡ ತಿಕೋಟಾದ ಹತ್ತಿರ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಒಂದು ದಿನ ರಜೆ ಹಾಕಿಸಿ, ಮಗನನ್ನು ಅವರ ಹತ್ತಿರ ಬಿಟ್ಟು, ಮಗಳನ್ನು ಸಿದ್ಧೇಶ್ವರ ಗುಡಿಯ ಹತ್ತಿರದ ಪೇಟೆಗೆ ಕರೆದುಕೊಂಡು ಹೋದೆ. ಕ್ಲಿಪ್ಪು ಕೊಡಿಸಿದೆ, ಬಳೆ ಕೊಡಿಸಿದೆ, ಬೇಡವೆಂದರೂ ಕೊಡಿಸಿದೆ. ಗಿರ್ಮಿಟ್ ತಿನ್ನುತ್ತ ಕುಳಿತಾಗ ಆಕೆ ತಾನಾಗಿಯೇ ಮಾತೆತ್ತಿದಳು.

“ಅವ್ವಾ, ಅವತ್ತ ನಾನೂ ಟ್ರೇಲರದಾಗ ಇದ್ನಿ.”

“ಗೊತ್ತೈತಿ.”

“ಅವನ ಕೈ ಹಿಡ್ಕೋ ಅಂತ ದೊಡ್ಡಪ್ಪ ಹೇಳಿದ್ದ. ನಾ ಹಿಡಕೊಂಡಿದ್ನಿ. ಕೈಯೆಲ್ಲಾ ಬೆವತಿತ್ತು, ಒರಸ್ಕೊಳ್ಳಾಕಂತ ಬಿಟ್ನಿ.”

ಅವತ್ತು ಆಕೆಯೂ ಅಲ್ಲಿದ್ದಳೆಂಬುದು ನನಗೆ ಗೊತ್ತೇ ಇತ್ತು. ಆದರೆ ಇಷ್ಟು ದಿನ, ನಿನಗೆ ಹೇಗಾಯಿತು, ಹೆದರಿದೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ. “ನಿನ್ನ ತಪ್ಪಲ್ಲ ಬೇ,” ಎಂದೆ. ಆಮೇಲೆ ಕಣ್ಣೊರೆಸಿಕೊಂಡೆ.

“ಅಳಬ್ಯಾಡ. ಮಂದಿ ನೋಡಾಕತ್ತಾರ,” ಎಂದಳು.

ಮುಂದಿನ ಭಾನುವಾರ ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿ ನಾವು ನಾಲ್ವರೂ ಕುಳಿತೆವು. ತಮ್ಮನ ಕೈ ಬಿಟ್ಟ ಅದೇ ಮಾತನ್ನು ಮಗಳು ಮೇಡಂಗೆ ಹೇಳಿದಳು. ನಡುವೆ ಬಾಯಿ ಹಾಕಬೇಕೆನಿಸಿದರೂ ತಡೆದುಕೊಂಡೆ. ಮೇಡಂ ಆಕೆಯೊಬ್ಬಳ ಜೊತೆಗೇ ಬಹಳ ಹೊತ್ತು ಮಾತಾಡಿದರು. ಕೊನೆಗೆ, ನಿನಗಾಗಿ ಏನು ಮಾಡುವ ಆಸೆ ಎಂದು ಕೇಳಿದರು. ಖೋ-ಖೋ ಎಂದಳು.

ಈಗ ಶಾಲೆ ಬಿಟ್ಟ ಮೇಲೆ ಆಟಕ್ಕೆ ನಿಲ್ಲುತ್ತಾಳೆ. ಮೊದಲ ದಿನ ಮಗ ಅಕ್ಕ ಬೇಕೆಂದು ತಾಟು ಎಸೆದು ಕಿರುಚಿದ. ಓಡಿ ಹೋಗಿ ಆಕೆಯನ್ನು ಕರೆತರಲೆಂದು ಚಪ್ಪಲಿಯನ್ನೂ ಮೆಟ್ಟಿಕೊಂಡಿದ್ದೆ. ಹೋಗಲಿಲ್ಲ. ಅವನನ್ನು ಅಳಿಸಿದೆನಲ್ಲ ಎಂಬ ಸಂಕಟದಲ್ಲೇ ಅವನ ಪಕ್ಕ ಕುಳಿತು ಚೆಲ್ಲಿದ ಅನ್ನ ಬಳಿದೆ.