ಚೀನಾದವನ ಚಪ್ಪರ

ನನಗೂ ನನ್ನ ಅತ್ತೆಗೂ ಒಳ್ಳೆಯ ಹೊಂದಿಕೆ ಎಂದು ಊರಿನವರು ಹೇಳುತ್ತಾರೆ. ಊರಿನವರು ನಮ್ಮ ಅಡುಗೆಮನೆಗೆ ಬಂದು ನೋಡಿದವರಲ್ಲ. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಅವರದು ಬಂದಷ್ಟೇ ಬೇಗ ಇಳಿಯುತ್ತದೆ, ನನ್ನದು ಮಾರನೆಯ ದಿನದ ತಿಂಡಿಯವರೆಗೂ ಎಳೆಯುತ್ತದೆ. ಹಾಗಿದ್ದ ನಮ್ಮಿಬ್ಬರನ್ನು ಒಂದೇ ಜಗಲಿಯ ಮೇಲೆ ದಿನವೂ ಕೂರಿಸಿದ್ದು ಚೀನಾದ ಒಂದು ಕಂಪನಿ ಎಂದರೆ ನಗುತ್ತೀರಿ. ನಗಿ, ನಾನೂ ನಕ್ಕಿದ್ದೇನೆ.

ನಮ್ಮದು ಹುಲ್ಲಹಳ್ಳಿಗೆ ಹತ್ತಿರದ, ನಾಲೆ ಬಯಲಿನ ಒಂದು ಹಳ್ಳಿ. ಗದ್ದೆ, ಎರಡು ಹಸು, ಡೇರಿಗೆ ಹಾಲು. ನಾನು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದವಳು, ಬೆಳಿಗ್ಗೆ ಬಸ್ಸು ಹತ್ತಿದರೆ ಇಳಿಹೊತ್ತಿಗೆ ಮನೆ. ಆ ಬಸ್ಸಿನಲ್ಲೇ ನಾನು ಆ ಕಂಪನಿಯ ಏಳಿಗೆಯನ್ನು ಕಂಡದ್ದು. ಮೊದಲು ಕಾರ್ಖಾನೆಯ ಹುಡುಗಿಯೊಬ್ಬಳ ಫೋನಿನಲ್ಲಿ ಸಣ್ಣ ಸಣ್ಣ ವಿಡಿಯೊಗಳು ಕುಣಿಯುತ್ತಿದ್ದವು. ಮುಂದಿನ ತಿಂಗಳು ಅವಳ ಸೀಟಿನಲ್ಲಿ ಮೂವರು ಬಗ್ಗಿ ನೋಡುತ್ತಿದ್ದರು. ಆಮೇಲೆ ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ಬಿಟ್ಟು ಇಣುಕಿದ. ಬೀಜಿಂಗಿನ ಯಾವುದೋ ಮನೆಯಲ್ಲಿ ನಾಲ್ಕು ಜನ ಎಂಜಿನಿಯರುಗಳು ಕೂತು ಶುರುಮಾಡಿದ್ದಂತೆ, ಈಗ ಲೋಕವೆಲ್ಲ ಅವರದೇ ಅಂತೆ ಎಂದು ಪೇಪರಿನಲ್ಲಿ ಓದಿದೆ. ನನಗೂ ತಡೆಯಲಾಗಲಿಲ್ಲ, ಆ ಆ್ಯಪ್ ಹಾಕಿಸಿಕೊಂಡೆ.

ಅತ್ತೆ ಸೋಬಾನೆ ಹಾಡುವವರು. ಒಂದು ಕಾಲಕ್ಕೆ ಸುತ್ತಲ ಊರುಗಳಲ್ಲಿ ಇವರು ಬಾರದೆ ಹೆಣ್ಣಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ಸೋಬಾನೆಯನ್ನು ಒಬ್ಬರೇ ಹಾಡಲಾಗುವುದಿಲ್ಲ. ಒಬ್ಬರು ಮುಂದೆ ಎತ್ತಿಕೊಡಬೇಕು, ಉಳಿದವರು ಹಿಂದಿನಿಂದ ಸೊಲ್ಲು ಹೇಳಬೇಕು. ಅತ್ತೆ ಎತ್ತಿಕೊಡುವವರು. ಮದುವೆಗಳೆಲ್ಲ ನಂಜನಗೂಡಿನ ಛತ್ರ ಸೇರಿ, ಅಲ್ಲಿ ಆರ್ಕೆಸ್ಟ್ರಾದವರು ಬಂದು ಕೂತ ಮೇಲೆ ಇವರನ್ನು ಕರೆಯುವವರು ಇಲ್ಲವಾದರು. ಜತೆಯಲ್ಲಿ ಸೊಲ್ಲು ಹೇಳುತ್ತಿದ್ದ ಹೆಂಗಸರಲ್ಲಿ ಕೆಲವರು ತೀರಿಕೊಂಡರು, ಕೆಲವರು ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರು ಬಿಟ್ಟರು. ಅತ್ತೆಯ ಹಾಡು ಹಸುಗಳ ಪಾಲಾಯಿತು.

ಅವರೆಕಾಯಿ ಕಾಲ. ಹಿದುಕಿದಬೇಳೆಗೆ ಅವರೆ ಹಿದುಕುತ್ತಾ ಅವರು ಅರಿಶಿನದ ಪದ ಗುನುಗುತ್ತಿದ್ದರು. ಸುಮ್ಮನೆ ಫೋನು ಹಿಡಿದೆ. ಆ ಆ್ಯಪಿನಲ್ಲಿ ಆಗ ಹದಿನೈದು ಸೆಕೆಂಡಿನ ಲೆಕ್ಕ. ಹದಿನೈದು ಸೆಕೆಂಡಿನಲ್ಲಿ ಹೆಣ್ಣಿನ ಒಂದು ಪಾದಕ್ಕೂ ಅರಿಶಿನ ಹಚ್ಚಲಾಗುವುದಿಲ್ಲ. ಹಾಗಾಗಿ ಇವತ್ತು ಬಲಗಾಲು, ನಾಳೆ ಎಡಗಾಲು ಎಂದು ಧಾರಾವಾಹಿಯ ಹಾಗೆ ಹಾಕುತ್ತಾ ಹೋದೆ. ಹೆಣ್ಣಿನ ಮೊಣಕೈ ಬರುವಷ್ಟರಲ್ಲಿ ನೋಡುವವರು ದಂಡಿಯಾಗಿದ್ದರು. ವಿಡಿಯೊ ಮೆಚ್ಚಿದವರು ಒಂದು ಕೆಂಪು ಹೃದಯ ಒತ್ತುತ್ತಾರೆ, ನೋಡಿ ಎಷ್ಟು ಬಂದಿವೆ ಎಂದು ತೋರಿಸಿದೆ.

ಅತ್ತೆ ಹಿಗ್ಗಲಿಲ್ಲ. ಯಾರು ಕೊಟ್ಟದ್ದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದರೆ ಮುಯ್ಯಿ ತೀರಿಸುವುದು ಹೇಗೆ ಎಂದರು.

ನಮ್ಮ ಕಡೆ ಮುಯ್ಯಿ ಎಂದರೆ ಸಣ್ಣ ಮಾತಲ್ಲ. ನಮ್ಮ ಮದುವೆಗೆ ಯಾರು ಏನು ತಂದರೋ ಅವರ ಮದುವೆಗೆ ಅದನ್ನು ಹಿಂದಕ್ಕೆ ಮಾಡಬೇಕು. ನಮ್ಮ ಗದ್ದೆಗೆ ನಾಟಿ ಹಾಕಲು ಬಂದವರ ಗದ್ದೆಗೆ ನಾವು ಹೋಗಬೇಕು. ಹಾಡಿಗೂ ಅಷ್ಟೇ, ನಮ್ಮ ಚಪ್ಪರದಲ್ಲಿ ಹಾಡಿದವರ ಚಪ್ಪರಕ್ಕೆ ಹೋಗಿ ಹಾಡಬೇಕು. ಇದು ಫೋನು, ಇಲ್ಲಿ ಅದೆಲ್ಲ ಇಲ್ಲ ಎಂದು ನಾನು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಹೃದಯ ಒತ್ತಿದವರನ್ನೆಲ್ಲ ಹುಡುಕಿ, ಅವರ ವಿಡಿಯೊಗೆ ಒಂದೊಂದು ಹೃದಯ ತಿರುಗಿ ಕೊಡಬೇಕೆಂದು ಪಟ್ಟು ಹಿಡಿದರು. ಅಂದಿನಿಂದ ಸಂಜೆ ನಮಗೆ ಅದೇ ಕಸುಬು. ತಾಂಬೂಲ ಕೊಡುವ ಹಾಗೆ ಬಲಗೈಯಲ್ಲೇ, ಸೆರಗು ಸರಿಮಾಡಿಕೊಂಡು ಒತ್ತುತ್ತಿದ್ದರು. ಟ್ರ್ಯಾಕ್ಟರ್ ಮೇಲೆ ಕುಣಿಯುವ ಬಿಹಾರದ ಗಂಡಸಿಗೂ ಮುಯ್ಯಿ ಸಂದಿತು, ತಲೆಕೂದಲು ಉದುರುವ ಎಣ್ಣೆಯ ಜಾಹೀರಾತಿಗೂ ಸಂದಿತು. ಉದುರದಂತೆ ಮಾಡುವ ಎಣ್ಣೆ ಅದು ಎಂದು ನಮ್ಮೆಜಮಾನರು ತಿದ್ದಿದರು. ನನಗೇನೋ ಎರಡೂ ಒಂದೇ.

ಈ ಕಂಪನಿಯವನಿಗೆ ಇದರಿಂದ ಏನು ಸಿಗುತ್ತದೆ ಎಂದು ಅತ್ತೆ ಒಂದು ಸಂಜೆ ಕೇಳಿದರು. ಜನ ನೋಡುತ್ತಾ ಕೂರುತ್ತಾರೆ, ನಡುವೆ ಅವನು ಜಾಹೀರಾತು ತೋರಿಸುತ್ತಾನೆ, ನೀವು ಹೊತ್ತು ಕೊಡುತ್ತೀರಿ, ಅವನು ಆ ಹೊತ್ತನ್ನು ಮಾರಿಕೊಳ್ಳುತ್ತಾನೆ ಎಂದು ನನಗೆ ತಿಳಿದಷ್ಟು ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ಚಪ್ಪರ ಹಾಕಿದವನು ಅವನು, ಹಾಡುವವರು ನಾವು, ಅವನಿಗೆ ನಾವು ಎಲೆಯಡಿಕೆಯನ್ನಾದರೂ ಕೊಡಬೇಕಿತ್ತು ಎಂದರು. ಅವರ ಬಾಯಲ್ಲಿ ಆ ಕಂಪನಿಗೆ ಚೀನಾದವನು ಎಂದೇ ಹೆಸರಾಯಿತು, ದೂರದ ನೆಂಟನಿದ್ದ ಹಾಗೆ.

ಹೀಗಿರುವಾಗ ಒಂದು ದಿನ ನಮ್ಮ ವಿಡಿಯೊದ ಪಕ್ಕಕ್ಕೆ ಇನ್ನೊಂದು ವಿಡಿಯೊ ಅಂಟಿಕೊಂಡು ಬಂತು. ಹಾಗೆ ಜೋಡಿ ಮಾಡುವ ಅನುಕೂಲ ಅದರಲ್ಲಿತ್ತು. ಎಡಕ್ಕೆ ಅತ್ತೆ, ಬಲಕ್ಕೆ ಯಾರದೋ ಮನೆಯ ಸುಣ್ಣದ ಗೋಡೆ. ಮುಖವಿಲ್ಲ, ದನಿ ಮಾತ್ರ. ಅತ್ತೆ ಎತ್ತಿಕೊಟ್ಟ ಸಾಲಿಗೆ ಆ ದನಿ ಸರಿಯಾಗಿ ಸೊಲ್ಲು ಹೇಳಿತು. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಸಾಲಿನ ಕೊನೆಯನ್ನು ಎಳೆಯುವ ರೀತಿ ಕೇಳಿ ಇದು ನರಸೀಪುರದ ಕಡೆಯ ಹೆಂಗಸು ಎಂದು ನಾನೇ ಹೇಳಿದೆ, ನನ್ನ ತವರು ಅದೇ ಊರು. ಅಂದಿನಿಂದ ನಾವು ಹಾಕಿದ್ದಕ್ಕೆಲ್ಲ ಆ ಗೋಡೆಯಿಂದ ಸೊಲ್ಲು ಬರುತ್ತಿತ್ತು. ಅತ್ತೆ ಬೇರೆ ಹೆಂಗಸಾದರು. ಬೆಳಿಗ್ಗೆ ನಾನು ಬಸ್ಸಿಗೆ ಓಡುವಾಗ ಹಿಂದಿನಿಂದ ಕೂಗಿ, ಇವತ್ತು ಬೇಗ ಬಾ ಎನ್ನುತ್ತಿದ್ದರು. ಹಿಂದೆಂದೂ ನಾನು ಬೇಗ ಬರಲಿ ಎಂದು ಅವರು ಬಯಸಿದ್ದು ನನಗೆ ನೆನಪಿಲ್ಲ.

ಕೊರೋನಾ ಬಂತು. ಬಸ್ಸು ನಿಂತಿತು, ಕಾರ್ಖಾನೆ ನಿಂತಿತು, ಅತ್ತೆಯ ಹಾಡು ಮಾತ್ರ ನಿಲ್ಲಲಿಲ್ಲ. ಮುಂಗಾರಿನ ಹೊತ್ತಿಗೆ ಆ ಗೋಡೆಯ ಹೆಂಗಸು ಒಂದು ವಿಡಿಯೊ ಹಾಕಿದಳು. ಅದರಲ್ಲಿ ಪದವಿರಲಿಲ್ಲ, ಮಾತಿತ್ತು.

“ಅಕ್ಕಾ, ಆಸಾಡ ಕಳುದ್ಮೇಲೆ ಮಗಳ ಮದ್ವೆ ಇಟ್ಕಂಡಿವ್ನಿ. ಜನ ಸೇರ್ಸಂಗಿಲ್ಲ ಅಂತರೆ. ಎಣ್ಣೊಪ್ಸೋ ಪದವ ತಾಯಾದೋಳು ನಾ ಎಂಗೆ ಎತ್ತನ? ನೀವು ಫೋನಲ್ಲೇ ಎತ್ಕೊಟ್ಬುಡಿ. ಅವತ್ತು ಅದ್ನೇ ಹಾಕ್ಕಂತೀವಿ.”

ಹೆಣ್ಣೊಪ್ಪಿಸುವ ಪದ ಮದುವೆಯ ಕೊನೆಯದು. ತಟ್ಟೆಯ ಹಾಲಿನಲ್ಲಿ ಹುಡುಗಿಯ ಕೈ ಅದ್ದಿ ಗಂಡಿನ ತಾಯಿಯ ಕೈಗೆ ಇಡುವಾಗ ಹಾಡುವುದು. ಹೆತ್ತವಳ ಗಂಟಲು ಆಗ ಕಟ್ಟಿರುತ್ತದೆ, ಬೇರೆಯವರೇ ಎತ್ತಬೇಕು. ಅತ್ತೆ ಆಗಲೇ ಒಪ್ಪಿದರು, ಆದರೆ ಹಾಡಲಿಲ್ಲ. ಅದನ್ನು ಹಳೆಯ ಸೀರೆಯಲ್ಲಿ, ಕೊಟ್ಟಿಗೆಯ ಬಾಗಿಲಲ್ಲಿ ಕೂತು ಹಾಡುವುದೇ? ಸ್ನಾನ ಮಾಡಿ, ಹಣೆ ತುಂಬ ಇಟ್ಟುಕೊಂಡು, ಒಳ್ಳೆಯ ದಿನ ನೋಡಿ ಹಾಡಬೇಕು. ಅಮಾವಾಸ್ಯೆ ಅಡ್ಡ ಬಂತು. ಆಮೇಲೆ ಮಂಗಳವಾರ ಬಂತು. ಆಮೇಲೆ ನೆಗಡಿ ಬಂತು. ಹದಿನೈದು ಸೆಕೆಂಡಿನ ವಿಡಿಯೊಗೆ ಪಂಚಾಂಗ ನೋಡಿದ ಹೆಂಗಸು ಚೀನಾದವನ ಲೆಕ್ಕದಲ್ಲಿ ಇವರೊಬ್ಬರೇ ಇರಬೇಕು.

ಅಷ್ಟರಲ್ಲಿ ಚೀನಾದ ಗಡಿಯಲ್ಲಿ ನಮ್ಮ ಯೋಧರು ಮಡಿದ ಸುದ್ದಿ ಬಂತು. ಅತ್ತೆ ಟೀವಿಯ ಮುಂದೆ ಕೂತು ಅತ್ತರು, ಯಾರ ಹೆತ್ತ ಮಕ್ಕಳೋ ಎಂದು. ಕೆಲವು ದಿನಗಳಲ್ಲಿ ಸರ್ಕಾರ ಇದೂ ಸೇರಿ ಚೀನಾದ ಹತ್ತಾರು ಆ್ಯಪುಗಳನ್ನು ನಿಷೇಧಿಸಿತು. ಕೊನೆಗೆ ಒಳ್ಳೆಯ ದಿನವೆಂದು ಅವರು ರೇಷ್ಮೆ ಸೀರೆ ಉಟ್ಟು ಬಂದು ಕೂತಾಗ ನನ್ನ ಫೋನಿನಲ್ಲಿ ಒಂದು ಸೂಚನೆ ಬಿಟ್ಟರೆ ಏನೂ ಇರಲಿಲ್ಲ. ಸರ್ಕಾರ ಮಾಡಿದ್ದು ಸರಿ ಎಂದು ಅತ್ತೆಯೇ ಹೇಳಿದರು. ಹೇಳಿಯೂ ಸೀರೆ ಬದಲಿಸಲು ಏಳಲಿಲ್ಲ. ಹೋಗಲಿ ಬಿಡಿ ಅತ್ತೆ, ಆ್ಯಪು ಹೋಯಿತು, ಇನ್ನೇನು ಮಾಡಲಾಗುತ್ತದೆ ಎಂದು ನಾನು ಅಂದೆ.

“ಚೀನಾದೋನ ಚಪ್ಪರ ಕಿತ್ತಾಕುದ್ರೆ ಕಿತ್ತಾಕ್ಲಿ ಕಣವ್ವ. ಮದ್ವೆ ನಿಂತದಾ? ಆ ಎಣ್ಮಗಳು ಕರುದವ್ಳೆ. ಪದ ಇಲ್ದೆ ಮಗಳ ಒಪ್ಸುದ್ರೆ ಆ ಪಾಪ ನಂದು.”

ಮಾರನೆಯ ದಿನ ಬೆಳಿಗ್ಗೆ ನನಗೆ ಆಜ್ಞೆಯಾಯಿತು, ಆಷಾಢ ಬಂದಿದೆ, ತವರಿಗೆ ಹೋಗು, ಹಾಗೇ ಆ ಗೋಡೆಯ ಹೆಂಗಸನ್ನು ಹುಡುಕಿಕೊಂಡು ಬಾ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ತವರಿಗೆ ಕಳಿಸುವುದು ಹೊಸದಾಗಿ ಮದುವೆಯಾದ ಹುಡುಗಿಯನ್ನು. ತಲೆಯಲ್ಲಿ ನರೆಗೂದಲು ಬಂದ ಸೊಸೆಯನ್ನು ಕಳಿಸಿದ್ದು ನಮ್ಮ ಸೀಮೆಯಲ್ಲೇ ಮೊದಲು. ಅಡುಗೆ ಯಾರು ಮಾಡುತ್ತಾರೆ ಎಂದು ನಮ್ಮೆಜಮಾನರು ಮೆಲ್ಲಗೆ ಕೇಳಿದರು. ನೀನೇ ಮಾಡು ಎಂದು ಅವರ ಅವ್ವ ಅಂದರು. ನನ್ನ ಮದುವೆಯ ಬದುಕಿನಲ್ಲಿ ನಾನು ಕೇಳಿದ ಅತಿ ಸೊಗಸಾದ ಮಾತು ಅದು.

ನರಸೀಪುರದಲ್ಲಿ ನನ್ನ ತಾಯಿ ಬಾಗಿಲಲ್ಲೇ, ಹೊಸ ಮದುವಣಗಿತ್ತಿ ಬಂದಳು ಎಂದು ಹಂಗಿಸಿದರು. ಅವರೇ ದಾರಿಯನ್ನೂ ತೋರಿಸಿದರು. ಮದುವೆ ಎಂದ ಮೇಲೆ ಹೆಣ್ಣಿಗೆ ಬಳೆ ತೊಡಿಸಲೇಬೇಕು, ಬಳೆ ಅಂಗಡಿಗಳಲ್ಲಿ ವಿಚಾರಿಸು ಎಂದರು. ಒಂದು ಜೋಡಿ ವಿಡಿಯೊ ಹೇಗೋ ನನ್ನ ಫೋನಿನಲ್ಲಿ ಉಳಿದಿತ್ತು. ಅದನ್ನು ಹಿಡಿದುಕೊಂಡು, ಮಾಸ್ಕು ಕಟ್ಟಿಕೊಂಡು ಅಂಗಡಿ ಅಂಗಡಿ ತಿರುಗಿದೆ. ಒಂದೆರಡು ಕಡೆ ನನ್ನನ್ನು ಹಾಡು ಮಾರುವವಳೆಂದುಕೊಂಡು ಮುಂದೆ ಹೋಗು ಎಂದರು, ನಾನೂ ಸುಮ್ಮನಿರದೆ ಎರಡು ಮಾತು ಅಂದು ಬಂದೆ. ಕೊನೆಗೆ ಒಬ್ಬ ಬಳೆಯಂಗಡಿಯಾಕೆ ಕಣ್ಣು ಮುಚ್ಚಿ ಕೇಳಿ, ಇದು ಹೊಳೆಯಾಚೆ ಊರಿನ, ಬಟ್ಟೆ ಹೊಲಿಯುವ ಹೆಂಗಸು, ಮಗಳ ಕೈ ಹಿಂಡಿ ನಾನು ಬಳೆ ಏರಿಸುವಾಗಲೂ ಪಕ್ಕದಲ್ಲಿ ಹಾಡುತ್ತಿರುತ್ತಾಳೆ ಎಂದಳು.

ಅದೇ ಸುಣ್ಣದ ಗೋಡೆ. ಅದರ ಮುಂದೆ ಹೊಲಿಗೆ ಮಿಷನ್ನು, ಅದರ ಹಿಂದೆ ನನಗಿಂತ ಸ್ವಲ್ಪ ದೊಡ್ಡವಳು. ನಾನು ಯಾರೆಂದು ಹೇಳಿದ ಮೇಲೆ ಆಕೆ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಅಕ್ಕ ಬೇಸರ ಮಾಡಿಕೊಂಡರೇನೋ, ಕರೆಯಬಾರದಿತ್ತೇನೋ ಎಂದುಕೊಂಡಿದ್ದೆ ಎಂದಳು. ಮುಖ ತೋರಿಸದೆ ಹಾಡಿದ್ದೇಕೆ ಎಂದರೆ, ಗಂಡ ತೀರಿಕೊಂಡವಳು ಸೋಬಾನೆ ಹಾಡುತ್ತಾಳೆ ಎಂದು ಊರಿನವರು ಆಡಿಕೊಂಡಾರು ಎಂದು ಗೋಡೆ ತೋರಿಸಿದೆ ಎಂದಳು. ನಂಬರು ತೆಗೆದುಕೊಂಡು ಅತ್ತೆಗೆ ಫೋನು ಮಾಡಿ, ಇನ್ನು ಫೋನಿನಲ್ಲೇ ಹಾಡಿ ಕಳಿಸಬಹುದು ಎಂದೆ. ಊರು ಗೊತ್ತಾದ ಮೇಲೂ ಫೋನಿನಲ್ಲಿ ಮುಯ್ಯಿ ಮಾಡಿದರೆ ನಾಲ್ಕು ಜನ ಉಗಿಯುತ್ತಾರೆ ಎಂದು ಅತ್ತೆ ನನ್ನನ್ನೇ ಬೈದರು.

ಶ್ರಾವಣದಲ್ಲಿ ನಮ್ಮ ಹಳೆಯ ಕಾರಿನಲ್ಲಿ ಹೋದೆವು. ಮನೆಯ ಮುಂದೆ ಸಣ್ಣ ಚಪ್ಪರ, ಬೆರಳೆಣಿಕೆಯ ಜನ. ಹೆಣ್ಣಿನ ತಾಯಿ ಮೂಲೆಯಲ್ಲಿ ನಿಂತಿದ್ದಳು. ಅತ್ತೆ ನೇರ ಹೋಗಿ ಆಕೆಯ ಕೈ ಹಿಡಿದು ಎಲ್ಲರ ಮುಂದಕ್ಕೆ ಕರೆತಂದು ಕೂರಿಸಿದರು. ಯಾರೂ ಏನೂ ಅನ್ನಲಿಲ್ಲ. ಅನ್ನುವ ಧೈರ್ಯ ಅತ್ತೆಯ ಮುಖ ನೋಡಿದವರಿಗೆ ಬರುವುದೂ ಇಲ್ಲ. ಹಾಲಿನ ತಟ್ಟೆ ಬಂತು, ಅತ್ತೆ ಪದ ಎತ್ತಿದರು. ಅಲ್ಲಿದ್ದ ಮೂರು ನಾಲ್ಕು ಹೆಂಗಸರು ಸೊಲ್ಲು ಹೇಳಿದರು. ಇಷ್ಟು ದಿನ ಜೋಪಾನ ಮಾಡಿದ ಮಗಳು, ತಪ್ಪಿದರೆ ತಿದ್ದಿ, ಹಸಿದರೆ ಕೇಳಿ ಎಂಬ ಅರ್ಥದ ಸಾಲುಗಳು. ಎರಡನೆಯ ಸಾಲಿಗೇ ಆ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅತ್ತೆ ಪದ ಬಿಡಲಿಲ್ಲ. ಪದ ಮುಗಿಯುವ ತನಕ ಆಕೆಯ ಬೆನ್ನ ಮೇಲೆ ಒಂದು ಕೈ ಇಟ್ಟೇ ಹಾಡಿದರು.

ಈಗ ಆ ಕಂಪನಿ ಇನ್ನೂ ಬೆಳೆದಿದೆಯಂತೆ, ದೊಡ್ಡ ದೊಡ್ಡ ದೇಶಗಳೇ ಅದಕ್ಕೆ ಅಂಜುತ್ತವೆಯಂತೆ. ಪೇಪರಿನಲ್ಲಿ ಬಂದಾಗ ಅತ್ತೆಗೆ ಓದಿ ಹೇಳುತ್ತೇನೆ. ಬಟ್ಟೆ ಹೊಲಿಯುವ ಆ ಹೆಂಗಸು ವರ್ಷಕ್ಕೆ ಎರಡು ಸಲ ನಮ್ಮ ಮನೆಗೆ ಬರುತ್ತಾಳೆ. ಆದರೆ ನಾನು ಇದನ್ನು ಬರೆಯಲು ಕೂತದ್ದು ಆ ಮದುವೆಯ ದಿನ ತಿರುಗಿ ಬರುವ ದಾರಿಗಾಗಿ.

ನಮ್ಮೆಜಮಾನರು ಕಾರು ಓಡಿಸುತ್ತಿದ್ದರು, ಅತ್ತೆ ನಾನು ಹಿಂದಿನ ಸೀಟಿನಲ್ಲಿ. ಅತ್ತೆ ನನ್ನ ಕಡೆ ತಿರುಗಿದರು.

“ನಿನ್ನ ಮದ್ವೇಲಿ ಪದ ಏಳ್ನೇ ಇಲ್ಲ ಕಣವ್ವ. ಮೈಕ್‌ನೋರು ಬಡ್ಕತಿದ್ರು, ನಿಮ್ಮವ್ವ ತಟ್ಟೆ ಇಡ್ಕಂಡು ನಿಂತೇ ಇದ್ರು. ನಿನ್ನ ಯಾರೂ ನಂಗೆ ಒಪ್ಸ್ನೇ ಇಲ್ಲ. ನಾನೇ ಎತ್ಕಂಡ್ ಬಂದೆ.”

ಅತ್ತೆ ನನ್ನ ಎರಡೂ ಕೈಗಳನ್ನು ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಅದೇ ಪದವನ್ನು ಮೊದಲಿನಿಂದ, ಮೆಲುದನಿಯಲ್ಲಿ ಎತ್ತಿದರು. ಒಪ್ಪಿಸುವವರೂ ಅವರೇ, ಒಪ್ಪಿಸಿಕೊಳ್ಳುವವರೂ ಅವರೇ. ಸೊಲ್ಲು ಹೇಳಲು ಕಾರಿನಲ್ಲಿ ಬೇರೆ ಹೆಂಗಸರಿರಲಿಲ್ಲ. ನಾನು ಅಳುತ್ತಲೇ ಹೇಳಿದೆ.