ಹೆಬ್ಬೆರಳಿಗೆ ಕಟ್ಟಿದ ನಾರು

ಮೊನ್ನೆ ಮೊಮ್ಮಗಳು ಮಂಡ್ಯದ ಮಾರ್ಕೆಟ್ಟಿನಿಂದ ಹೂವು ತಂದಿದ್ದಳು. ಎಲೆಯ ಪೊಟ್ಟಣ ಬಿಚ್ಚಿದಾಗ ಮಲ್ಲಿಗೆಗಿಂತ ಮೊದಲು ನನ್ನ ಮೂಗಿಗೆ ಬಡಿದದ್ದು ಒದ್ದೆ ಬಾಳೆನಾರಿನ ವಾಸನೆ. ಆ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲಿನ ಹೆಬ್ಬೆರಳು ಜುಮ್ಮೆನ್ನುತ್ತದೆ. ಹಿಂದೆಯೇ ಸಿಟ್ಟೂ ಬರುತ್ತದೆ. ಅರವತ್ತು ವರ್ಷದ ಹಳೆಯ ಸಿಟ್ಟು...

ಚಿಕ್ಕಂದಿನಲ್ಲಿ ನನ್ನ ನಿದ್ದೆ ಸಾಮಾನ್ಯದ್ದಾಗಿರಲಿಲ್ಲ. ಮದ್ದೂರಿನಲ್ಲಿ ಸ್ಟೇಷನ್ನಿನ ಹಿಂದಿನ ಬೀದಿಯಲ್ಲೇ ನಮ್ಮ ಮನೆ. ರೈಲು ಬಂದರೆ ಸೂರಿನ ಹೆಂಚು ಅದುರುತ್ತಿತ್ತು, ನಾನು ಮಾತ್ರ ಅದುರುತ್ತಿರಲಿಲ್ಲ. ಒಮ್ಮೆ ಹಗ್ಗ ಬಿಚ್ಚಿಕೊಂಡ ಕರು ಒಳಗೆ ಬಂದು ನನ್ನ ಜಡೆಯ ತುದಿಯನ್ನು ಅಗಿಯುತ್ತಾ ನಿಂತಿತ್ತಂತೆ. ಅವ್ವ ಕರುವನ್ನೇನೋ ಓಡಿಸಿದಳು, ನನ್ನನ್ನು ಎಬ್ಬಿಸಲಾಗದೆ ಸುಸ್ತಾಗಿ ಕುಳಿತುಬಿಟ್ಟಳಂತೆ. ಬೀದಿಯವರೆಲ್ಲ ಕುಂಭಕರ್ಣನ ತಂಗಿ ಎನ್ನುತ್ತಿದ್ದರು. ಹಾಗಾದರೆ ನಾನು ಶೂರ್ಪನಖಿಯಾ ಎಂದು ಅಪ್ಪನನ್ನು ಕೇಳಿದ್ದಕ್ಕೆ, "ಅವ್ಳಾದ್ರೂ ಹೊತ್ಗೆ ಸರ್ಯಾಗಿ ಏಳ್ತಿದ್ಲು ಕಣಮ್ಮಿ" ಅಂದಿದ್ದ.

ನಕ್ಕು ಮರೆಯಬಹುದಾದ ಆ ನಿದ್ದೆ ನನಗೆ ಶತ್ರುವಾದದ್ದು ಲೋವರ್ ಸೆಕೆಂಡರಿ ಪರೀಕ್ಷೆಯ ವರ್ಷ. ಪರೀಕ್ಷೆ ಮಂಡ್ಯದಲ್ಲಿ, ಬೆಳಗಿನ ಮೊದಲ ರೈಲಿಗೇ ಹೋಗಬೇಕು. ಓದುವುದಕ್ಕೂ ನಸುಕಿನಲ್ಲೇ ಏಳಬೇಕು. ಪಾಸಾದರೆ ಟೀಚರ್ ಟ್ರೈನಿಂಗಿಗೆ ಸೇರಿಸುವ ಹೊಣೆ ತಮ್ಮದು ಎಂದು ನಮ್ಮ ಟೀಚರಮ್ಮ ಮಾತು ಕೊಟ್ಟಿದ್ದರು. ಮದುವೆಯ ಮಾತು ಆಗಲೇ ಶುರುವಾಗಿತ್ತು. ಆ ಪರೀಕ್ಷೆಯೊಂದೇ ನನಗಿದ್ದ ದಾರಿ. ಅವ್ವ ಅಕ್ಕನ ಬಾಣಂತನಕ್ಕೆಂದು ಮಳವಳ್ಳಿಗೆ ಹೋಗಿದ್ದಳು. ಅಪ್ಪ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. "ನಾನು ಎಬ್ಸಕ್ಕಿಲ್ಲ. ನೀನಾಗೇ ಎದ್ರೆ ಹೋಗು" ಎಂದು ಕೈತೊಳೆದುಕೊಂಡ. ನಾನು ನಾನಾಗೇ ಏಳುವುದುಂಟೇ?

ಆಗ ನನ್ನ ಕೈಹಿಡಿದವಳು ಎದುರುಮನೆಯ ಹೂವಿನವ್ವ. ಗಂಡ ಸತ್ತ ಮೇಲೆ ಹೂವು ಕಟ್ಟಿ ಮಾರಿ ಬದುಕಿದವಳು. ದಿನಾ ಕತ್ತಲಿನಲ್ಲೇ ಎದ್ದು, ಬುಟ್ಟಿ ಹೊತ್ತು, ನಮ್ಮ ಕಿಟಕಿಯ ಮುಂದೆಯೇ ನಡೆದು ಮೊದಲ ರೈಲಿಗೆ ಮಂಡ್ಯಕ್ಕೆ ಹೋಗುತ್ತಿದ್ದಳು. ಅದು ಯುದ್ಧದ ಕಾಲ. ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಬಿಟ್ಟಿತ್ತು. ಕೋಳಿಗೆ ಅದು ಗೊತ್ತಿಲ್ಲವಲ್ಲ, ತನ್ನ ಹಳೆಯ ಹೊತ್ತಿಗೇ ಕೂಗುತ್ತಿತ್ತು. ಅಷ್ಟರಲ್ಲಿ ರೈಲು ಹೋಗಿರುತ್ತಿತ್ತು. ಕೋಳಿಯನ್ನು ನಂಬಿದವರೆಲ್ಲ ಆ ದಿನಗಳಲ್ಲಿ ರೈಲು ತಪ್ಪಿಸಿಕೊಂಡರು, ಹೂವಿನವ್ವ ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ಆದರೆ ಕತ್ತಲಿನಲ್ಲಿ ಹೊರಗೆ ನಿಂತು ಯಾರ ಹೆಸರನ್ನೂ ಹಿಡಿದು ಕೂಗಬಾರದೆಂದು ನಮ್ಮ ಕಡೆ ಕಟ್ಟು. ಮನುಷ್ಯರ ದನಿಯಲ್ಲಿ ಬೇರೆ ಏನೋ ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ಹೆದರಿಕೆ. ಅದಕ್ಕೇ ಹೂವಿನವ್ವ ಉಪಾಯ ಮಾಡಿದಳು. ಹೂವು ಕಟ್ಟುವ ಬಾಳೆನಾರನ್ನು ನಾಲ್ಕೆಳೆ ಹೊಸೆದು ನನ್ನ ಹೆಬ್ಬೆರಳಿಗೆ ಕಟ್ಟಿದಳು. ಇನ್ನೊಂದು ತುದಿ ಕಿಟಕಿಯ ಸರಳಿನಾಚೆ ಬೀದಿಗೆ. ಹೋಗುವಾಗ ಮೂರು ಸಲ ಎಳೆಯುತ್ತಿದ್ದಳು. ನಾನು ಎದ್ದೆ ಅನ್ನುವುದಕ್ಕೆ ಕಾಲು ಜಗ್ಗುತ್ತಿದ್ದೆ. ಜಗ್ಗುವವರೆಗೂ ಅವಳು ಕದಲುತ್ತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಗೇಣು ಹೂವಿಟ್ಟು ಹೋಗುತ್ತಿದ್ದಳು. ನಾನು ಬುಡ್ಡಿ ಹಚ್ಚಿಕೊಂಡು ಓದಲು ಕೂರುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ಹೆತ್ತ ತಾಯಿಯನ್ನೂ ನಾನು ಅಷ್ಟು ನಂಬಿರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಅವಳೇ ಬಂದು ಗಂಟು ಬಿಗಿಮಾಡಿದಳು. "ನಾಳೀಕೆ ನಂಜೊತೇಲೇ ಬಂದ್ಬುಡಮ್ಮಿ. ಮಂಡ್ಯಗಂಟ ಕೈ ಇಡ್ಕಂಡು ಕರ್ಕಂಡೋಯ್ತೀನಿ" ಅಂದಳು. ನಾನು ಸೀಸದಕಡ್ಡಿ ಚೂಪು ಮಾಡಿಟ್ಟು ನೆಮ್ಮದಿಯಾಗಿ ಮಲಗಿದೆ.

ಎಚ್ಚರವಾದಾಗ ಹೆಂಚಿನ ಸಂದಿಯಿಂದ ಬಿಸಿಲು ಮುಖಕ್ಕೆ ಬಿದ್ದಿತ್ತು. ನಾರು ಹೆಬ್ಬೆರಳಿನಲ್ಲಿ ಹಾಗೆಯೇ ಇತ್ತು, ಹರಿದಿರಲಿಲ್ಲ. ಹೂವಿನವ್ವನಿಗೆ ಹುಷಾರು ತಪ್ಪಿತೇನೋ ಎಂದು ಮೊದಲು ಅವಳಿಗಾಗಿಯೇ ಹೆದರಿದೆ, ನೋಡಿ. ಆಮೇಲೆ ಕಿಟಕಿಯ ಕಟ್ಟೆ ಕಣ್ಣಿಗೆ ಬಿತ್ತು. ಅಲ್ಲಿ ಹೂವಿತ್ತು. ಗೇಣಲ್ಲ, ಎರಡು ಮಾರು! ಅಂದರೆ ಅವಳು ಬಂದಿದ್ದಳು, ನಿಂತಿದ್ದಳು, ಹೂವಿಟ್ಟು ಹೋಗಿದ್ದಳು. ಎಳೆದಿರಲಿಲ್ಲ.

ತಲೆಯನ್ನೂ ಬಾಚದೆ ಸ್ಟೇಷನ್ನಿಗೆ ಓಡಿದೆ. ಯಾವ ರೈಲು ಇದ್ದೀತು? ವಡೆ ಮಾರುವವನು ಖಾಲಿ ತಟ್ಟೆ ಒರೆಸುತ್ತಿದ್ದ. ಅಳುತ್ತಾ ಮನೆಗೆ ಬಂದರೆ ಅಪ್ಪ ಜಗಲಿಯ ಮೇಲೆ ಕುಳಿತಿದ್ದ. "ನಾನೇನ್ ನಿನ್ನ ತಡುದ್ನಾ? ನೀನೇ ಏಳ್ಲಿಲ್ಲ" ಅಂದ. ಸಂಜೆ ಬೆಳಕವಾಡಿಯಿಂದ ಹೆಣ್ಣು ನೋಡಲು ಬಂದರು. ಮಳವಳ್ಳಿಯಿಂದ ಅವ್ವನೇ ಹೇಳಿಕಳಿಸಿದ್ದ ಸಂಬಂಧ. ಆ ಎರಡು ಮಾರು ಹೂವನ್ನು ನನ್ನ ಜಡೆಗೆ ಸುತ್ತಿದರು. ಮನೆಗೆ ಯಾರು ಬರುತ್ತಾರೆಂದು ನನಗೆ ಗೊತ್ತಾಗುವ ಮೊದಲೇ ಹೂವಿನವ್ವನಿಗೆ ಗೊತ್ತಿತ್ತು.

ಬಂದವರು ಎದ್ದುಹೋದ ಮೇಲೆ ಖಾಲಿ ಬುಟ್ಟಿಯೊಡನೆ ಮರಳುತ್ತಿದ್ದ ಅವಳನ್ನು ಬೀದಿಯಲ್ಲೇ ತಡೆದೆ. ಅಪ್ಪ ಹೇಳಿಕೊಟ್ಟನಾ ಎಂದು ಕೇಳಿದೆ.

"ನಿಮ್ಮಪ್ಪ ಊವ ಕೇಳ್ದ, ಅಷ್ಟೇಯ. ಇದು ನಂದೇ ಕೆಲ್ಸ" ಅಂದಳು. "ಎಳ್ಯಾನ ಅಂತ ನಾರು ಕೈಗ್ ತಕ್ಕಂಡೆ ಕಣಮ್ಮಿ. ನೀ ಮಲ್ಗಿದ್ದ ನೋಡ್ದೆ. ಮೂವತ್ ವರ್ಸಾಯ್ತು, ಒಂದಿನಾನೂ ನಾ ಅಂಗೆ ಮಲ್ಗಿಲ್ಲ. ಅವ್ರು ಗದ್ದೆ ತೋಟ ಇರೋ ಜನ, ಆಳುಕಾಳು ಅವ್ರೆ. ನೀನ್ಯಾಕೆ ನನ್ನಂಗೆ ಕತ್ಲಲ್ಲಿ ರೈಲಿಗ್ ಓಡ್ಬೇಕು? ಸುಕುವಾಗ್ ಮನಿಕ್ಕಳ್ಲಿ ಅಂತ ಬುಟ್ಬುಟ್ಟೆ."

ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನಾನು ಸ್ವಲ್ಪ ಕರಗಿದ್ದೆನೋ ಏನೋ... ಆದರೆ ಉಳಿದ ಹುಡುಗಿಯರನ್ನು ಅದೇ ರೈಲಿನಲ್ಲಿ ಪರೀಕ್ಷೆಗೆ ಕರೆದೊಯ್ದು, ಮುಗಿಸಿಕೊಂಡು ಬಂದ ಟೀಚರಮ್ಮ ಮನೆಯ ಬಾಗಿಲಿಗೇ ಬಂದು, "ಜ್ವರ ಬಿಟ್ಟಿತೇನೇ?" ಎಂದು ಕೇಳಿದರು. ಯಾವ ಜ್ವರ? ಆ ಬೆಳಿಗ್ಗೆ ರೈಲು ತಿಂಡಿಗೆಂದು ನಿಂತಿದ್ದಾಗ ಟೀಚರಮ್ಮ ನನ್ನನ್ನು ಕಾಣದೆ, ತಾವೇ ಓಡಿಬಂದು ಎಬ್ಬಿಸಲು ಡಬ್ಬಿಯಿಂದ ಇಳಿದಿದ್ದರಂತೆ. ಹೂವಿನವ್ವ ಅವರ ಕೈಹಿಡಿದು ನಿಲ್ಲಿಸಿ, "ಎಣ್ಗೆ ಕೆಂಡದಂತ ಜ್ವರ ಕಣ್ರವ್ವ, ಏಳಂಗಿಲ್ಲ" ಅಂದಳಂತೆ. ಕನಿಕರಕ್ಕೆ ಕೈ ಸೋತಿತು ಅನ್ನೋಣ. ನಾಲಿಗೆ? ಅದನ್ನು ಯಾವ ಕನಿಕರ ಆಡಿಸಿತು? ಆವತ್ತಿನಿಂದ ನಾನು ಅವಳ ಜೊತೆ ಮಾತು ಬಿಟ್ಟೆ.

ಮುಂದಿನ ಪರೀಕ್ಷೆಯ ಹೊತ್ತಿಗೆ ನಾನು ಬೆಳಕವಾಡಿಯ ಸೊಸೆ. ಗದ್ದೆಯಿತ್ತು, ಆಳುಗಳೂ ಇದ್ದರು ನಿಜ. ಅಷ್ಟೂ ಜನಕ್ಕೆ ಹೊತ್ತು ಮೂಡುವ ಮೊದಲೇ ಹಿಟ್ಟು ಬೇಯಿಸಬೇಕಿತ್ತು. ಅತ್ತೆಯ ಕೆಮ್ಮು ಕೇಳಿದರೆ ಸಾಕು, ಎದ್ದು ಕೂರುತ್ತಿದ್ದೆ. ಕರು ಜಡೆ ಅಗಿದರೂ ಏಳದಿದ್ದ ಹುಡುಗಿಯ ನಿದ್ದೆ ಒಂದೇ ತಿಂಗಳಿಗೆ ಹಾರಿಹೋಯಿತು. ಮತ್ತೆ ಬರಲಿಲ್ಲ.

ಮೊದಲ ಹೆರಿಗೆಗೆ ತವರಿಗೆ ಬಂದಾಗ ಒಂದು ಮಧ್ಯಾಹ್ನ ಬಾಗಿಲಲ್ಲಿ ಹೂವಿನವ್ವನ ದನಿ ಕೇಳಿಸಿತು. ಗೋಡೆಯ ಕಡೆ ತಿರುಗಿ ಕಣ್ಣುಮುಚ್ಚಿದೆ. ಅವಳು ಬಹಳ ಹೊತ್ತು ನಿಂತಿದ್ದಳು. "ಎಬ್ಬುಸ್ಲಾ?" ಎಂದು ಅವ್ವ ಕೇಳಿದಾಗ, "ಬ್ಯಾಡ ಬುಡವ್ವ... ಆ ಮನೇಲಿ ಚಂದಾಗ್ ನಿದ್ದೆ ಮಾಡ್ತಾಳೆ ಅಂತ ಕಾಣ್ತದೆ" ಅಂದಳು. ಗೆದ್ದವರ ದನಿ ಅದು. ಮಗುವಿನ ಕೆನ್ನೆ ಮುಟ್ಟಿ ಹೊರಟುಹೋದಳು. ಆ ಮಳೆಗಾಲದಲ್ಲೇ ತೀರಿಕೊಂಡಳಂತೆ. ನಾನು ಹೋಗಲಿಲ್ಲ.

ಈಗ ನನಗೆ ನಾಲ್ಕು ಗಂಟೆಗೇ ಎಚ್ಚರವಾಗುತ್ತದೆ. ಎದ್ದು ಹೋಗಬೇಕಾದ ಊರು ಯಾವುದೂ ಇಲ್ಲ. ಸುಮ್ಮನೆ ಮಲಗಿ ಅವಳ ಜೊತೆ ಜಗಳ ಆಡುತ್ತೇನೆ. ಕ್ಷಮಿಸಿದ್ದೇನೆಂದರೆ ಸುಳ್ಳಾಗುತ್ತದೆ. ಆದರೆ ಆ ಮಧ್ಯಾಹ್ನ ತಿರುಗಿ ನೋಡಿ, ನನಗೆ ನಿದ್ದೆ ಬಂದಿಲ್ಲ ಕಣವ್ವ, ಆ ಮನೆಗೆ ಹೋದಂದಿನಿಂದ ಬಂದೇ ಇಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನನ್ನನ್ನು ಸುಖವಾಗಿ ಮಲಗಿಸಿದೆನೆಂದೇ ನಂಬಿಕೊಂಡು ಹೋದಳು.