ಗಿಸಾಬುರೊ ಬಾಗದ ದಿನ

ಬಾಗುವವರಿಗೆ ಜಪಾನಿನಲ್ಲಿ ಬರವಿಲ್ಲ. ಆದರೆ ಮಿಕಾವಾ ಸೀಮೆಯ ಮಕಿನೊ ಗಿಸಾಬುರೊ ಲಾರಿಗೆ ಬಾಗುತ್ತಿದ್ದ ಹಾಗೆ ಯಾರೂ ದೇವರಿಗೂ ಬಾಗಿದ್ದಿಲ್ಲ. ತನ್ನ ತಗಡಿನ ಶೆಡ್ಡಿನಲ್ಲಿ ತಯಾರಾದ ಬ್ರೇಕ್ ಪೆಡಲುಗಳನ್ನು ಹೊತ್ತು ಲಾರಿ ಹೊರಟರೆ ಸಾಕು, ಗೇಟಿನಲ್ಲಿ ನಿಂತು ಸೊಂಟದಿಂದ ಮಡಚಿಕೊಳ್ಳುತ್ತಿದ್ದ. ಲಾರಿ ಸೇತುವೆ ದಾಟಿ ಮರೆಯಾಗುವ ತನಕ ಏಳುತ್ತಿರಲಿಲ್ಲ. ಒಮ್ಮೆ ರೈಲ್ವೆ ಗೇಟು ಬಿದ್ದು ಲಾರಿ ನಿಂತಾಗ, ಆ ಬೆನ್ನ ಮೇಲೆ ಕಾಗೆಯೊಂದು ಕೂತು ಸಂಸಾರ ಹೂಡುವ ಯೋಚನೆ ಮಾಡಿತೆಂದು ಬೀದಿಯವರು ಆಣೆ ಮಾಡುತ್ತಾರೆ. ಚಂಡಮಾರುತದ ದಿನ ಟೋಪಿ ಹಾರಿ ಸಮುದ್ರ ಸೇರಿತಂತೆ, ಸೊಂಟ ಕದಲಲಿಲ್ಲವಂತೆ.

ಕಾರಿನ ಕಂಪನಿಯನ್ನು ಅಲ್ಲಿ ಹೆತ್ತವಳೆಂದೇ ಕರೆಯುತ್ತಾರೆ. ಬಿಡಿಭಾಗ ಮಾಡಿಕೊಡುವವರು ಮಕ್ಕಳು. ಹೆತ್ತವಳು ದಾಸ್ತಾನು ಇಟ್ಟುಕೊಳ್ಳುವವಳಲ್ಲ. ಕೇಳಿದ ಗಳಿಗೆಗೆ, ಕೇಳಿದಷ್ಟೇ ಪೆಡಲು ಬರಬೇಕು. ಅದಕ್ಕಾಗಿ ಗಿಸಾಬುರೊ ವರ್ಷಗಟ್ಟಲೆ ತಲೆ ಕೆರೆದುಕೊಂಡು, ಅರ್ಧ ದಿನ ತಿನ್ನುತ್ತಿದ್ದ, ಯಂತ್ರದಲ್ಲಿ ಪೆಡಲು ಒತ್ತುವ ಉಕ್ಕಿನ ಅಚ್ಚು ಬದಲಿಸುವ ಕೆಲಸವನ್ನು ಚಹಾ ಆರುವಷ್ಟರಲ್ಲಿ ಮುಗಿಸುವ ಉಪಾಯ ಕಂಡುಕೊಂಡಿದ್ದ. ಅಚ್ಚು ಕಂಪನಿಯದು, ಉಪಾಯ ಅವನದು.

ಒಂದು ದಿನ ಕಂಪನಿಯ ಖರೀದಿ ಅಧಿಕಾರಿ ಹಿರಾಮಟ್ಸು ಮಿಠಾಯಿ ಪೊಟ್ಟಣ ಹಿಡಿದು ಬಂದ. ಜೊತೆಗೆ ಪಕ್ಕದೂರಿನ ದೊಡ್ಡ ಕಾರ್ಖಾನೆಯ ಓಟ್ಸುಬೊ.

"ಮಕಿನೊ-ಸಾನ್, ನಾವೆಲ್ಲ ಒಂದೇ ಮನೆಯವ್ರಲ್ವಾ? ನಿಮ್ಮ ಉಪಾಯ ಇವರಿಗೂ ಸ್ವಲ್ಪ ತೋರಿಸ್ಕೊಡಿ."

"ಸ್ವಲ್ಪ ಯಾಕೆ? ಪೂರ್ತಿ ತೋರಿಸ್ತೀನಿ!" ಎಂದ ನಮ್ಮ ವೀರ, ಎದೆಯುಬ್ಬಿಸಿ.

ಹೆಂಡತಿ ಫುಸಾಯೆ ಒಳಗಿನಿಂದ ಕೆಮ್ಮಿದಳು. ಕೆಮ್ಮು ಫಲಿಸಲಿಲ್ಲ.

"ಇನ್ನೇನು ಬಾಕಿ ಉಳೀತು? ನಿಮ್ಮ ಚಡ್ಡಿ ಒಂದು ತೋರಿಸ್ಲಿಲ್ಲ," ಎಂದಳು, ಅತಿಥಿಗಳು ಹೋದ ಮೇಲೆ.

"ಅಣ್ಣತಮ್ಮಂದಿರ ಹತ್ರ ಮುಚ್ಚಿಡೋದೇನೇ?"

ಗದ್ದೆಗಳಿಗೆ ನೀರು ಬಿಡುವ ಕಾಲಕ್ಕೆ ಹಿರಾಮಟ್ಸು ಮತ್ತೆ ಬಂದ. ಈ ಸಲ ಮಿಠಾಯಿ ಇರಲಿಲ್ಲ.

"ಓಟ್ಸುಬೊ ಅವರು ಅದೇ ಪೆಡಲನ್ನ ನಿಮಗಿಂತ ಕಡಿಮೆಗೆ ಕೊಡ್ತಾರಂತೆ. ಅಚ್ಚು ಅವರ ಕಡೆ ಕಳಿಸ್ಬೇಕು."

"ಕಡಿಮೆಗೆ ಹೇಗೆ ಸಾಧ್ಯ?"

"ನೀವೇ ಕಲಿಸಿದ್ರಲ್ಲ, ಮಕಿನೊ-ಸಾನ್."

ಶೆಡ್ಡಿನಲ್ಲಿ ಬೇರೆ ಕೆಲಸವೇ ಇರಲಿಲ್ಲ. ಒಬ್ಬಳು ತಾಯಿ ಸಾಕೆಂದು ಉಳಿದ ಕಂಪನಿಗಳ ಆರ್ಡರನ್ನು ಅವನೇ ಬೇಡವೆಂದಿದ್ದ. ಈಗ ಹೆತ್ತವಳು ತೊಟ್ಟಿಲನ್ನೇ ಎತ್ತಿಕೊಂಡು ಹೊರಟಿದ್ದಳು. ಅವನು ಯಾರ ಮೇಲೂ ಕೂಗಾಡಲಿಲ್ಲ. ಆ ರಾತ್ರಿಯ ಊಟ ಮಾತ್ರ ತಟ್ಟೆಯಲ್ಲೇ ಉಳಿಯಿತು.

ಅಚ್ಚು ಒಯ್ಯಲು ಓಟ್ಸುಬೊನ ಲಾರಿ ಬಂದ ದಿನ ಬೀದಿಗೆ ಬೀದಿಯೇ ಹೊರಗೆ ಬಂತು. ಇವತ್ತು ಬಾಗುತ್ತಾನೋ, ಇಲ್ಲವೋ? ಲಾರಿ ಹೊರಟಿತು. ಗಿಸಾಬುರೊ ಗೇಟಿನ ಕಂಬ ಹಿಡಿದು ಗರುಡಗಂಬದಂತೆ ನೆಟ್ಟಗೆ ನಿಂತ. ಲಾರಿ ಸೇತುವೆ ದಾಟಿತು. ಬಾಗಲಿಲ್ಲ! ಉಸ್ತುವಾರಿಗೆಂದು ಬಂದಿದ್ದ ಹಿರಾಮಟ್ಸುವಿನ ಮುಖ ಬಿಳಿಚಿಕೊಂಡಿತು. ಬೀದಿಗೆ ರೋಮಾಂಚನ.

ತೋಫು ಅಂಗಡಿಯ ಓಕುನಿ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಓಡಿಬಂದಳು. "ಭೇಷ್ ಕಣಪ್ಪಾ! ಆ ಮೋಸಗಾರರಿಗೆ ಸರಿಯಾದ ಉತ್ತರ ಕೊಟ್ಟೆ!"

ಗಿಸಾಬುರೊ ಕಂಬ ಬಿಡಲಿಲ್ಲ.

"ಉತ್ತರಾನೂ ಇಲ್ಲ, ಗಿತ್ತರಾನೂ ಇಲ್ಲ ಅಜ್ಜಿ. ಅವರಿಗೆ ಅಚ್ಚು ಎತ್ತೋಕೆ ಬರ್ಲಿಲ್ಲ, ನಾನೇ ಹೋಗಿ ಕೈ ಜೋಡಿಸ್ದೆ. ಸೊಂಟ ಹಿಡ್ಕೊಂಡಿದೆ."